ಪಬ್ಲಿಕ್ ಸ್ಕೂಲ್, ಗಿಫ್ಟೆಡ್ ಪ್ರೋಗ್ರಾಂ: ನಿಮ್ಮ ಮಕ್ಕಳ ಶಾಲೆ ನಿಮಗೆ ನಿಜವಾಗಿ ತೃಪ್ತಿ ಕೊಟ್ಟಿದೆಯಾ?

ಅರಸೀಕೆರೆ ಹುಡುಗಿ (ವರ್ಜೀನಿಯಾ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳದೆ ಓದಿ.

ನಮ್ಮ ಮಗ ಎರಡನೇ ಕ್ಲಾಸು. ಮೊನ್ನೆ ಶಾಲೆಯಿಂದ ಪತ್ರ ಬಂತು. ಮೂರನೇ ಕ್ಲಾಸಿನಿಂದ ಶುರುವಾಗುವ ಪೂರ್ತಿ ದಿನದ ಗಿಫ್ಟೆಡ್ ಕ್ಲಾಸಿಗೆ (ಹೆಚ್ಚು ಚುರುಕಿನ ಮಕ್ಕಳಿಗೆಂದೇ ಇರುವ ಬೇರೆ ಕ್ಲಾಸು) ಅವನು ಆಯ್ಕೆಯಾಗಿಲ್ಲ. ಅವನ ಅಕ್ಕ ಈಗ ಐದನೇ ಕ್ಲಾಸು. ಅವಳು ಆಯ್ಕೆಯಾಗಿ ಮೂರನೇ ಕ್ಲಾಸಿನಿಂದ ಅದೇ ಪ್ರೋಗ್ರಾಂನಲ್ಲಿದ್ದಾಳೆ. ಪತ್ರ ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆವು. ನಮ್ಮ ಅಪ್ಪನ ಮನೆ ಅರಸೀಕೆರೆ ಸ್ಟೇಷನ್‌ಗೆ ಹತ್ತಿರ. ಬೆಂಗಳೂರು ಕಡೆಯ ರೈಲು, ಹುಬ್ಬಳ್ಳಿ ಕಡೆಯ ರೈಲು, ಹಾಸನದ ಕಡೆಯ ರೈಲು ಎಲ್ಲ ಅಲ್ಲೇ ಬಂದು ಸೇರುತ್ತವೆ. ಮಗ ತಾತನ ಹಳೇ ಡೈರಿ ಹಿಡಿದುಕೊಂಡು ಯಾವ ರೈಲು ಎಷ್ಟು ಹೊತ್ತಿಗೆ ಬರಬೇಕಿತ್ತು, ಎಷ್ಟು ಹೊತ್ತಿಗೆ ಬಂತು ಅಂತ 23 ದಿನ ಬರೆದ. ಆಮೇಲೆ ಒಂದು ಸಂಜೆ ತಾತನನ್ನು ಕೇಳಿದ: "ಎಲ್ಲಾ ದಿನದ ಲೇಟನ್ನೂ ಕೂಡಿಸಿ 23 ಭಾಗ ಮಾಡಿದ್ರೆ ಏನು ಸಿಗುತ್ತೆ?" ಸರಾಸರಿ ಅಂತ ಒಂದು ಇದೆ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇಲ್ಲಿ ಶಾಲೆಯಲ್ಲಿ ಕೂಡುವ ಲೆಕ್ಕದ ಹಾಳೆ ಕೊಡುತ್ತಾರೆ. ಐದು ನಿಮಿಷಕ್ಕೆ ಮುಗಿಸುತ್ತಾನೆ. "ಸುಮ್ನೆ ಪುಸ್ತಕ ಓದುತ್ತಾ ಕೂತಿರು" ಅನ್ನುತ್ತಾರೆ. ಇದು ವರ್ಷವಿಡೀ ನಡೆದಿದೆ.

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಪತ್ರ ಬರುವ ಹಿಂದಿನ ದಿನ ಯಾರಾದರೂ ಶಾಲೆ ಹೇಗಿದೆ ಎಂದು ಕೇಳಿದ್ದರೆ "ತುಂಬಾ ಚೆನ್ನಾಗಿದೆ" ಎಂದೇ ಹೇಳುತ್ತಿದ್ದೆ. ಟೀಚರ್ ಒಳ್ಳೆಯವರು, ಗೆಳೆಯರಿದ್ದಾರೆ, ನಡೆದುಕೊಂಡು ಹೋಗುವಷ್ಟು ಹತ್ತಿರ. ಈಗ ಅದೇ ಶಾಲೆ ಕಂಡರೆ ಸಿಟ್ಟು. ನನಗೆ ಬೇಜಾರಾಗಿರುವುದು ಶಾಲೆಯ ಮೇಲಾ, ಪತ್ರದ ಮೇಲಾ? ನಿಮಗೆಲ್ಲ ಹೇಗೆ ಅನ್ನಿಸುತ್ತದೆ ಹೇಳಿ. ಗಿಫ್ಟೆಡ್ ಕ್ಲಾಸಿಗೆ ಸೇರಿದ ಮಕ್ಕಳ ಅಪ್ಪ ಅಮ್ಮಂದಿರೂ ಬರೆಯಿರಿ, ಸೇರದವರೂ ಬರೆಯಿರಿ.

ಮಲೆನಾಡ ಅಪ್ಪ (ನ್ಯೂಜೆರ್ಸಿ)

ಅಕ್ಕ, ನಿಮ್ಮ ಮಗನ ಡೈರಿಯ ವಿಷಯ ಓದಿ ತುಂಬಾ ಖುಷಿಯಾಯಿತು. ಅದನ್ನು ಜೋಪಾನವಾಗಿಡಿ.

ನಮ್ಮ ಮಗಳು ಆಯ್ಕೆಯಾಗಿದ್ದಾಳೆ. ಆದರೂ ನಮಗೆ ತೃಪ್ತಿ ಇಲ್ಲ. ಇಲ್ಲಿ ಗಿಫ್ಟೆಡ್ ಅಂದರೆ ವಾರಕ್ಕೊಮ್ಮೆ, ಬುಧವಾರ, 45 ನಿಮಿಷ ಬೇರೆ ಕೋಣೆಗೆ ಕರೆದುಕೊಂಡು ಹೋಗುತ್ತಾರೆ, ಅಷ್ಟೇ. ಆ 45 ನಿಮಿಷ ಅವಳಿಗೆ ಹಬ್ಬ. ಉಳಿದ ಹೊತ್ತೆಲ್ಲ ನಿಮ್ಮ ಮಗನ ಹಾಗೆಯೇ ಬೇಗ ಮುಗಿಸಿ ಕೂತಿರುತ್ತಾಳೆ. ಗಿಫ್ಟೆಡ್ ಎನ್ನುವುದು ಬುಧವಾರ ಮಾತ್ರ ಇರುವ ಗುಣವಾ?

ನಮ್ಮ ರಾಜ್ಯದಲ್ಲಿ 2020ರಲ್ಲಿ ಈ ಬಗ್ಗೆ ಕಾನೂನು ಬಂತು. ಮಕ್ಕಳನ್ನು ಹೇಗೆ ಗುರುತಿಸುತ್ತಾರೆ, ಏನು ಕಲಿಸುತ್ತಾರೆ ಎಂದು ಪ್ರತಿ ಸ್ಕೂಲ್ ಡಿಸ್ಟ್ರಿಕ್ಟ್ (ಒಂದು ಪ್ರದೇಶದ ಪಬ್ಲಿಕ್ ಶಾಲೆಗಳನ್ನು ನಡೆಸುವ ಸಂಸ್ಥೆ) ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ಪಾಲಿಸದಿದ್ದರೆ ಡಿಸ್ಟ್ರಿಕ್ಟಿನ ಶಿಕ್ಷಣ ಬೋರ್ಡಿಗೆ ದೂರು ಕೊಡಬಹುದು. ನಾನು ಅದನ್ನೆಲ್ಲ ಓದಿಕೊಂಡು ಹೋಗಿ ಕೂತು ಮಾತಾಡಿದ ಮೇಲೆಯೇ ಗಣಿತಕ್ಕೆ ಮಾತ್ರ ಮೇಲಿನ ಕ್ಲಾಸಿಗೆ ಕಳಿಸಲು ಒಪ್ಪಿದರು. ಜಗಳ ಮಾಡಲಿಲ್ಲ, ಕೇಳಿದೆ ಅಷ್ಟೇ.

ಟೀಚರಮ್ಮ (ಮೂರನೇ ಕ್ಲಾಸಿನ ಟೀಚರ್)

ನಾನು ಇಲ್ಲಿನ ಪಬ್ಲಿಕ್ ಸ್ಕೂಲಿನಲ್ಲಿ 11 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಮೊದಲು ಪತ್ರದಲ್ಲಿರುವ ಅಂಕಿ ಏನು ಹೇಳುತ್ತದೆ ಅಂತ ತಿಳಿದುಕೊಳ್ಳೋಣ. ನಮ್ಮವರು ಬಹಳ ಜನ ಇಲ್ಲೇ ಎಡವುತ್ತಾರೆ.

ಎರಡನೇ ಕ್ಲಾಸಿನಲ್ಲಿ ಸಾಮಾನ್ಯವಾಗಿ ಕೊಡುವ ಪರೀಕ್ಷೆ ಕಾಗ್ಯಾಟ್ (CogAT), ಮಗು ಯೋಚಿಸುವ ಶಕ್ತಿಯನ್ನು ಅಳೆಯುವ ಪರೀಕ್ಷೆ. ಅದರಲ್ಲಿ ಮೂರು ಭಾಗ: ಮಾತಿಗೆ ಸಂಬಂಧಿಸಿದ್ದು, ಲೆಕ್ಕಕ್ಕೆ ಸಂಬಂಧಿಸಿದ್ದು, ಚಿತ್ರ ಮತ್ತು ಆಕಾರಕ್ಕೆ ಸಂಬಂಧಿಸಿದ್ದು. ನಡುವಿನ ಅಂಕ 100. 132 ಬಂದರೆ ಅದೇ ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು 98 ಮಕ್ಕಳಿಗಿಂತ ಮುಂದಿದ್ದಾನೆ ಎಂದು ಅರ್ಥ. ಪರ್ಸೆಂಟೈಲ್ ಬೇರೆ, ಪರ್ಸೆಂಟ್ ಬೇರೆ. "90 ಬಂದಿದೆ, ಹತ್ತು ತಪ್ಪು ಮಾಡಿದ್ದಾನೆ" ಎಂದು ಒಬ್ಬರು ನನ್ನ ಮುಂದೆಯೇ ಮಗುವನ್ನು ಗದರಿದ್ದರು. ಆ ಮಗು ಹತ್ತರಲ್ಲಿ ಒಂಬತ್ತು ಮಕ್ಕಳಿಗಿಂತ ಮುಂದಿತ್ತು.

ಅರಸೀಕೆರೆ ಅಕ್ಕ, ಮೂರೂ ಭಾಗದ ಅಂಕ ಬೇರೆ ಬೇರೆಯಾಗಿ ಕೇಳಿ ತೆಗೆದುಕೊಳ್ಳಿ. ಮನೆಯಲ್ಲಿ ಕನ್ನಡ ಮಾತಾಡುವ ಮಗುವಿಗೆ ಎರಡನೇ ಕ್ಲಾಸಿನಲ್ಲಿ ಮಾತಿನ ಭಾಗ ಕಡಿಮೆ ಬರುವುದುಂಟು. ಲೆಕ್ಕದ ಭಾಗ ಮೇಲಿರಬಹುದು. ಸರಾಸರಿ ತೆಗೆದಾಗ ಎರಡೂ ಮುಚ್ಚಿಹೋಗುತ್ತವೆ. ಇನ್ನೊಂದು ವಿಷಯ, ನಿಮ್ಮ ವರ್ಜೀನಿಯಾದ ನಿಯಮದ ಪ್ರಕಾರ ಒಂದೇ ಒಂದು ಅಂಕ ನೋಡಿ ಮಗು ಅರ್ಹ ಅಲ್ಲ ಎಂದು ತೀರ್ಮಾನಿಸುವ ಹಾಗಿಲ್ಲ. ಅಪೀಲ್‌ಗೂ ಅವಕಾಶ ಇದೆ. ಕೊನೆ ದಿನಾಂಕ ಪತ್ರದಲ್ಲೇ ಇರುತ್ತದೆ, ಮೊದಲು ಅದನ್ನು ನೋಡಿ.

ಈಗ ಟೀಚರ್ ಕಡೆಯ ಮಾತು. ನನ್ನ ಕ್ಲಾಸಿನಲ್ಲಿ 26 ಮಕ್ಕಳು. ಒಬ್ಬಳು ಆರನೇ ಕ್ಲಾಸಿನ ಪುಸ್ತಕ ಓದುತ್ತಾಳೆ. ಇಬ್ಬರಿಗೆ ಇನ್ನೂ ಅಕ್ಷರ ಕೂಡಿಸಿ ಓದುವುದು ಕಷ್ಟ. ಬೇಗ ಮುಗಿಸುವ ಮಗು ತೊಂದರೆ ಕೊಡುವುದಿಲ್ಲ, ಹಾಗಾಗಿ ನನ್ನ ಕಣ್ಣು ಅತ್ತ ಹೋಗುವುದು ಕಡಿಮೆ. ಇದು ತಪ್ಪು ಎಂದು ಗೊತ್ತಿದೆ. ಒಬ್ಬ ತಾಯಿ ಬಂದು "ಪಾಠ ಶುರು ಮಾಡುವ ಮುಂಚೆಯೇ ಅವನಿಗೆ ಆ ಪಾಠದ ಪರೀಕ್ಷೆ ಕೊಟ್ಟು ನೋಡ್ತೀರಾ?" ಎಂದು ಕೇಳಿದರು. ಆ ಒಂದು ಪ್ರಶ್ನೆಯಿಂದ ನಾನು ಪಾಠ ಮಾಡುವ ರೀತಿ ಬದಲಾಯಿತು. ಗೊತ್ತಿರುವುದನ್ನು ಬಿಟ್ಟು ಆ ಹೊತ್ತಿನಲ್ಲಿ ಬೇರೆ ಕೆಲಸ ಕೊಡುತ್ತೇನೆ. ಅದಕ್ಕೆ ಗಿಫ್ಟೆಡ್ ಪಟ್ಟಿಯಲ್ಲಿ ಹೆಸರು ಇರಬೇಕಾಗಿಲ್ಲ.

ಕುಂದಾಪುರದ ಮಾಣಿ (ಕ್ಯಾಲಿಫೋರ್ನಿಯಾ)

ನಾವು ರೇಟಿಂಗ್ ನೋಡಿಯೇ ಮನೆ ತೆಗೆದುಕೊಂಡವರು. ಶಾಲೆಗೆ ಹತ್ತಕ್ಕೆ ಹತ್ತು. ಮನೆಗೆ ಕೊಟ್ಟ ದುಡ್ಡು ನೆನೆದರೆ ಈಗಲೂ ಎದೆ ಭಾರ. ನಮ್ಮಲ್ಲಿ ಗಿಫ್ಟೆಡ್‌ಗೆ ಅಂತ ರಾಜ್ಯ ಬೇರೆಯಾಗಿ ಕೊಡುತ್ತಿದ್ದ ಹಣವನ್ನು 2013ರಲ್ಲಿ ಸಾಮಾನ್ಯ ಅನುದಾನದೊಳಗೆ ಸೇರಿಸಿದರು. ಅಲ್ಲಿಂದ ಮುಂದೆ ಅದು ಆಯಾ ಡಿಸ್ಟ್ರಿಕ್ಟಿನ ಇಷ್ಟ. ಕೆಲವು ಕಡೆ ಇದೆ, ಕೆಲವು ಕಡೆ ಹೆಸರಿಗೆ ಮಾತ್ರ.

ನನ್ನ ಅನುಭವ ಹೇಳುತ್ತೇನೆ. ಮಗಳಿಗೆ ಆರು ವರ್ಷ ಇದ್ದಾಗ ಒಂದು ಕೋಚಿಂಗ್ ಸೆಂಟರಿಗೆ ಹಾಕಿದೆವು, ಪ್ರತಿ ಶನಿವಾರ ಎರಡು ಗಂಟೆ. ಆಕಾರ ಜೋಡಿಸುವ ಪ್ರಶ್ನೆಗಳನ್ನು ಮತ್ತೆ ಮತ್ತೆ ಮಾಡಿಸಿದರು. ಅಂಕ ಬಂತು. ಆದರೆ ಅದಾದ ಮೇಲೆ ಹೊಸ ಲೆಕ್ಕ ಕೊಟ್ಟರೆ "ಇದನ್ನ ಇನ್ನೂ ಹೇಳ್ಕೊಟ್ಟಿಲ್ಲ" ಎಂದು ಪೆನ್ಸಿಲ್ ಕೆಳಗಿಡಲು ಶುರು ಮಾಡಿದಳು. ಮೊದಲು ಹಾಗೆ ಇರಲಿಲ್ಲ. ಎರಡು ವರ್ಷ ಹಿಡಿಯಿತು ಆ ಭಯ ಹೋಗಲು. ನಾವೇ ಮಾಡಿದ ತಪ್ಪು ಅದು. ದಯವಿಟ್ಟು ಯಾರೂ ಮಾಡಬೇಡಿ.

ಹೊಸಬಳು (ಟೆಕ್ಸಾಸ್)

ಮಕ್ಕಳು ಮಕ್ಕಳಾಗಿರಲಿ ಅಲ್ವಾ? ಏಳು ವರ್ಷದ ಮಗುವಿಗೆ ಯಾಕೆ ಇಷ್ಟೆಲ್ಲ? ನಾವೆಲ್ಲ ಊರಿನ ಸರ್ಕಾರಿ ಶಾಲೆಯಲ್ಲಿ ಓದಿ ಇಲ್ಲಿಗೆ ಬರಲಿಲ್ವಾ?

ಬೆಳಗಾವಿ ತಾಯಿ (ಮಿನ್ನೆಸೋಟ)

ತಂಗೀ, ನಿಮ್ಮ ಮಾತಿನಲ್ಲಿ ಪ್ರೀತಿ ಇದೆ, ಅರ್ಥವಾಗುತ್ತದೆ. ಆದರೆ ಎಲ್ಲ ಮಕ್ಕಳಿಗೂ ಅದು ಹೊಂದುವುದಿಲ್ಲ.

ನನ್ನ ಮಗನಿಗೆ ಡಿಸ್ಲೆಕ್ಸಿಯಾ (ಅಕ್ಷರ ಓದಲು, ಬರೆಯಲು ಕಷ್ಟವಾಗುವ ತೊಂದರೆ) ಇದೆ. ಅದರ ಜೊತೆಗೇ ಅವನ ಯೋಚನೆ ಮೂರು ಕ್ಲಾಸು ಮುಂದೆ. ಓದಲು ತಡವಾಗುತ್ತದೆ ಎಂದು ಅವನನ್ನು ಸುಲಭದ ಗುಂಪಿಗೆ ಹಾಕಿದರು. ಅಲ್ಲಿ ಅವನಿಗೆ ಬೇಸರ. ಬೇಸರವಾದರೆ ಗಲಾಟೆ. ಗಲಾಟೆ ಮಾಡಿದರೆ ಪ್ರಿನ್ಸಿಪಾಲ್ ಕೋಣೆ. ಬೆಳಿಗ್ಗೆ ಹೊಟ್ಟೆನೋವು ಅಂತ ಅಳುತ್ತಿದ್ದ. ಡಾಕ್ಟರ್ ಹೊಟ್ಟೆಯಲ್ಲಿ ಏನೂ ಇಲ್ಲ ಎಂದರು.

ಕಲಿಕೆಯ ತೊಂದರೆಗೆ ಈ ದೇಶದಲ್ಲಿ 1975ರಿಂದ ಕೇಂದ್ರದ ಕಾನೂನೇ ಇದೆ. ಶಾಲೆ ಬರೆದುಕೊಟ್ಟ ಐಇಪಿಯಂತೆ (ಆ ಒಂದು ಮಗುವಿಗೆಂದೇ ಮಾಡಿದ ಕಲಿಕೆಯ ಯೋಜನೆ) ನಡೆಯಲೇಬೇಕು. ಗಿಫ್ಟೆಡ್ ಮಕ್ಕಳಿಗೆ ಅಂಥ ಕೇಂದ್ರದ ಹಕ್ಕು ಇಲ್ಲ. 1988ರ ಜಾವಿಟ್ಸ್ ಕಾಯ್ದೆ ಸಂಶೋಧನೆ, ಮಾದರಿ ಯೋಜನೆಗಳಿಗೆ ಅನುದಾನ ಕೊಡುತ್ತದೆ ಅಷ್ಟೇ. ಅದಕ್ಕೇ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ನನ್ನ ಮಗನ ಒಂದು ಅರ್ಧಕ್ಕೆ ಹಕ್ಕಿದೆ, ಇನ್ನೊಂದು ಅರ್ಧಕ್ಕೆ ಬೇಡಿಕೊಳ್ಳಬೇಕು.

ಈಗ ಅವನಿಗೆ ಪುಸ್ತಕ ಕೇಳಿಸಿಕೊಳ್ಳಲು ಬಿಡುತ್ತಾರೆ, ಉತ್ತರ ಬಾಯಲ್ಲಿ ಹೇಳಬಹುದು. ವಿಜ್ಞಾನದಲ್ಲಿ ಮುಂದಿನ ಗುಂಪಿನಲ್ಲಿದ್ದಾನೆ. ಹೊಟ್ಟೆನೋವು ಹೋಯಿತು. ಆ ಟೀಚರನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಹೊಸಬಳು (ಟೆಕ್ಸಾಸ್)

ಕ್ಷಮಿಸಿ ಅಕ್ಕ. ನಾನು ಹೀಗೆ ಯೋಚಿಸಿರಲಿಲ್ಲ.

ಅಂಕಿಅಂಶದ ರಾಯರು

ಅರಸೀಕೆರೆಯವರ ಮೊದಲ ಪ್ರಶ್ನೆಗೆ ಹತ್ತಿರವಾದ ಒಂದು ಸಮೀಕ್ಷೆ ಇದೆ. ಗ್ಯಾಲಪ್ ಸಂಸ್ಥೆ ಪ್ರತಿ ವರ್ಷ ಅಮೆರಿಕದ ಜನರನ್ನು ಶಾಲೆಗಳ ಬಗ್ಗೆ ಕೇಳುತ್ತದೆ. 2023ರಲ್ಲಿ ದೇಶದ ಶಾಲಾ ಶಿಕ್ಷಣ ತೃಪ್ತಿ ತಂದಿದೆ ಎಂದವರು 36%. ಅದೇ ವರ್ಷ "ನಿಮ್ಮ ಮಗುವಿನ ಶಿಕ್ಷಣ ಹೇಗಿದೆ?" ಎಂದು ಅಪ್ಪ ಅಮ್ಮಂದಿರನ್ನು ಕೇಳಿದಾಗ ತೃಪ್ತಿ ಇದೆ ಎಂದವರು 76%.

ಈ ಅಂತರ ದೊಡ್ಡದು. ದೂರದ ಶಾಲೆಗಳನ್ನು ನಾವು ಸುದ್ದಿ ನೋಡಿ ಅಳೆಯುತ್ತೇವೆ. ನಮ್ಮ ಶಾಲೆಯನ್ನು ಮಗು ಸಂಜೆ ಮನೆಗೆ ಬಂದಾಗ ಅದರ ಮುಖ ನೋಡಿ ಅಳೆಯುತ್ತೇವೆ. ನನ್ನ ಮಟ್ಟಿಗೆ ಎರಡನೆಯ ಅಳತೆಯೇ ಹೆಚ್ಚು ನಂಬಿಕೆಗೆ ತಕ್ಕದ್ದು. ಅರಸೀಕೆರೆಯವರು ಪತ್ರ ಬಂದ ದಿನ ಮಗುವಿನ ಮುಖ ಬಿಟ್ಟು ಕಾಗದ ನೋಡಿದರು. ತಪ್ಪು ಅಂತ ಹೇಳುತ್ತಿಲ್ಲ, ನಾನೂ ಮಾಡಿದ್ದೇನೆ.

ಮೈಸೂರು ಮಲ್ಲಿಗೆ ಹಿತ್ತಲು (ನ್ಯೂಯಾರ್ಕ್)

ನಮ್ಮ ನಗರದಲ್ಲಿ ಕಿಂಡರ್‌ಗಾರ್ಟನ್ ಗಿಫ್ಟೆಡ್ ಸೀಟಿಗೆ ನಾಲ್ಕು ವರ್ಷದ ಮಕ್ಕಳಿಗೆ ಪರೀಕ್ಷೆ ಇತ್ತು. ನನ್ನ ದೊಡ್ಡ ಮಗ ಬರೆದಿದ್ದ. ಗೊತ್ತಿಲ್ಲದವರ ಕೈ ಹಿಡಿದುಕೊಂಡು ಕೋಣೆಯೊಳಗೆ ಹೋಗಬೇಕು, ಅಮ್ಮ ಹೊರಗೆ. ಅವನು ಒಳಗೆ ಹೋಗಿ ಬಾಯೇ ಬಿಡಲಿಲ್ಲವಂತೆ. ಅವತ್ತು ಅಳೆದದ್ದು ಅವನ ಬುದ್ಧಿಯನ್ನಲ್ಲ, ಧೈರ್ಯವನ್ನು.

2021ರಲ್ಲಿ ಆ ಪರೀಕ್ಷೆ ನಿಂತಿತು. ಆಗಿನ ಮೇಯರ್ ಡಿ ಬ್ಲಾಸಿಯೊ ಪ್ರತ್ಯೇಕ ಗಿಫ್ಟೆಡ್ ಕ್ಲಾಸುಗಳನ್ನೇ ಹಂತ ಹಂತವಾಗಿ ತೆಗೆಯುತ್ತೇವೆ ಎಂದರು. ಮುಂದಿನ ವರ್ಷ ಹೊಸ ಮೇಯರ್ ಆಡಮ್ಸ್ ಬಂದು ಸೀಟು ಹೆಚ್ಚಿಸಿದರು. ಪುಟ್ಟ ಮಕ್ಕಳಿಗೆ ಟೀಚರ್ ಶಿಫಾರಸು ಮತ್ತು ಲಾಟರಿ, ಮೂರನೇ ಕ್ಲಾಸಿನಿಂದ ಇನ್ನೊಂದು ದಾರಿ. ಚಿಕ್ಕ ಮಗಳಿಗೆ ಶಿಫಾರಸು ಸಿಕ್ಕಿತು, ಲಾಟರಿಯಲ್ಲಿ ಬರಲಿಲ್ಲ. ಅಣ್ಣ ತಂಗಿ ಇಬ್ಬರೂ ಬೀದಿ ಕೊನೆಯ ಸಾಮಾನ್ಯ ಶಾಲೆಯಲ್ಲೇ ಓದುತ್ತಿದ್ದಾರೆ. ಅಲ್ಲೊಬ್ಬ ಮೇಡಂ ಚೆಸ್ ಕ್ಲಬ್ ನಡೆಸುತ್ತಾರೆ. ಸದ್ಯಕ್ಕೆ ನನಗೆ ಅಷ್ಟು ಸಾಕಾಗಿದೆ.

ನಲಿ ಕಲಿ ಮೇಷ್ಟ್ರು (ಚಿತ್ರದುರ್ಗ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು. ನಿಮ್ಮ ಮಾತುಗಳನ್ನು ಓದುತ್ತಾ ಇಡೀ ಭಾನುವಾರ ಕಳೆಯಿತು. ಎರಡು ಮಾತು ಹೇಳುತ್ತೇನೆ.

ನಮ್ಮಲ್ಲಿ ಒಂದರಿಂದ ಮೂರನೇ ಕ್ಲಾಸು ಒಟ್ಟಿಗೆ ಕೂರುತ್ತವೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ಋಷಿ ಕಣಿವೆಯ (ರಿಷಿ ವ್ಯಾಲಿ) ಶಾಲೆಗಳನ್ನು ನೋಡಿಬಂದು ನಲಿ ಕಲಿ ಪದ್ಧತಿ ಶುರು ಮಾಡಿದರು. ಆಮೇಲೆ ರಾಜ್ಯವೆಲ್ಲ ಹರಡಿತು. ಅದರಲ್ಲಿ ಕಲಿಕಾ ಏಣಿ ಅಂತ ಇದೆ. ಪಾಠವನ್ನು ಮೈಲಿಗಲ್ಲುಗಳಾಗಿ, ಮೈಲಿಗಲ್ಲನ್ನು ಕಾರ್ಡುಗಳಾಗಿ ಒಡೆದಿರುತ್ತಾರೆ. ಮಗು ಒಂದು ಕಾರ್ಡು ಮುಗಿಸಿದರೆ ಮುಂದಿನದಕ್ಕೆ ಹೋಗುತ್ತದೆ. ಪಕ್ಕದವನಿಗಾಗಿ ಕಾಯಬೇಕಾಗಿಲ್ಲ. ಕುರಿ ಮೇಯಿಸಲು ಅಪ್ಪನ ಜೊತೆ ಹೋಗಿ ಹದಿನೈದು ದಿನ ಬಿಟ್ಟು ಬಂದ ಮಗು, ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಹತ್ತುತ್ತದೆ. ಗೋಡೆಯ ಮೇಲಿನ ಪ್ರಗತಿ ನೋಟದಲ್ಲಿ ಯಾರು ಎಲ್ಲಿದ್ದಾರೆ ಅಂತ ಗೊತ್ತಾಗುತ್ತದೆ.

ಎಲ್ಲ ಕಡೆ ಚೆನ್ನಾಗಿ ನಡೆಯುತ್ತಿದೆ ಎಂದು ನಾನು ಹೇಳಲಾರೆ. ಕಾರ್ಡು ಹರಿದುಹೋಗಿರುತ್ತವೆ, ಮೇಷ್ಟ್ರು ಒಬ್ಬರೇ ಇರುತ್ತಾರೆ, ಲೆಕ್ಕಪತ್ರದ ಕೆಲಸ ಬೇರೆ. ಎಷ್ಟೋ ಅಪ್ಪ ಅಮ್ಮಂದಿರಿಗೆ ಇದು ಆಟ ಎಂದು ಅನುಮಾನ, ಕಾನ್ವೆಂಟಿಗೆ ಹಾಕುತ್ತಾರೆ. ಆದರೆ ನಡೆದ ದಿನ ನಿಮ್ಮ ಮಗನಂಥ ಹುಡುಗ ಸುಮ್ಮನೆ ಕೂತಿರುವುದಿಲ್ಲ.

ಆಯ್ಕೆ ಪರೀಕ್ಷೆ ನಮ್ಮಲ್ಲೂ ಇದೆ, ನವೋದಯ. ಐದನೇ ಕ್ಲಾಸಿನಲ್ಲಿ ಬರೆಯಬೇಕು. 80 ಪ್ರಶ್ನೆ, ಎರಡು ಗಂಟೆ, ಕನ್ನಡದಲ್ಲೇ ಬರೆಯಬಹುದು. ಒಂದು ಶಾಲೆಗೆ ಸಾಮಾನ್ಯವಾಗಿ 80 ಸೀಟು. ಕನಿಷ್ಠ 75% ಹಳ್ಳಿ ಮಕ್ಕಳಿಗೆ. ಊಟ, ವಸತಿ, ಪುಸ್ತಕ ಎಲ್ಲ ಉಚಿತ. ಆದರೆ ಒಂದೇ ಸಲ ಅವಕಾಶ. ನನ್ನ ಶಾಲೆಯಿಂದ ಹೋದ ಒಬ್ಬ ಹುಡುಗಿ ಆಯ್ಕೆಯಾದಾಗ ಊರೇ ಸಿಹಿ ಹಂಚಿತು. ಅವಳಷ್ಟೇ ಚುರುಕಿನ ಇನ್ನೊಬ್ಬ ಹುಡುಗ ಆಗಲಿಲ್ಲ. ಅವನು ಬಂದು "ಸಾ, ನಾನು ದಡ್ಡನಾ?" ಎಂದು ಕೇಳಿದ. ಆ ದಿನ ನನಗೆ ಅನ್ನ ಸೇರಲಿಲ್ಲ. ಆಮೇಲೆ ಪ್ರತಿ ಸಂಜೆ ಅವನನ್ನು ಅರ್ಧ ಗಂಟೆ ಕೂರಿಸಿಕೊಂಡು ಮುಂದಿನ ಕ್ಲಾಸಿನ ಲೆಕ್ಕ ಮಾಡಿಸಿದೆ.

ಅಮ್ಮಾ, ನಿಮ್ಮ ಮಗನಿಗೆ ಪತ್ರದ ವಿಷಯ ಹೇಗೆ ಹೇಳಿದಿರಿ? ನನಗೆ ಅದೇ ಚಿಂತೆ.

ಅರಸೀಕೆರೆ ಹುಡುಗಿ (ವರ್ಜೀನಿಯಾ)

ಮೇಷ್ಟ್ರೇ, ನಿಮ್ಮ ಪ್ರಶ್ನೆ ಓದಿ ಅಳು ಬಂತು. ನಾನು ಅವನಿಗೆ ಹೇಳಿರಲಿಲ್ಲ. ಅಕ್ಕನಿಗೂ ಅವನಿಗೂ ಗೊತ್ತಾಗಿತ್ತು. ಕಾಗದ ಅಡುಗೆಮನೆಯ ಮೇಜಿನ ಮೇಲೆಯೇ ಇತ್ತು.

ಅಂಕಿಅಂಶದ ರಾಯರು

ಒಂದು ವಿಷಯ ಯಾರೂ ಎತ್ತಿಲ್ಲ. ಯಾವ ಮಕ್ಕಳು ಪಟ್ಟಿಯ ಹತ್ತಿರಕ್ಕೂ ಬರುವುದಿಲ್ಲ?

ಫ್ಲೋರಿಡಾದ ಬ್ರೋವರ್ಡ್ ಕೌಂಟಿಯಲ್ಲಿ ಮೊದಲು ಟೀಚರ್ ಅಥವಾ ಪೋಷಕರು ಹೆಸರು ಸೂಚಿಸಿದ ಮಕ್ಕಳನ್ನು ಮಾತ್ರ ಪರೀಕ್ಷಿಸುತ್ತಿದ್ದರು. 2005ರಿಂದ ಎರಡನೇ ಕ್ಲಾಸಿನ ಎಲ್ಲ ಮಕ್ಕಳಿಗೂ ಮಾತಿಲ್ಲದ, ಚಿತ್ರಗಳ ಪರೀಕ್ಷೆ ಕೊಟ್ಟು ನೋಡಿದರು. ಬಡ ಮನೆಯ ಮಕ್ಕಳು, ಕಪ್ಪು ಜನಾಂಗದ ಮತ್ತು ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದ) ಮಕ್ಕಳು ಗಿಫ್ಟೆಡ್ ಎಂದು ಗುರುತಾದದ್ದು ಬಹಳ ಹೆಚ್ಚಾಯಿತು. ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೋ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದರು. ಆ ಮಕ್ಕಳು ಮೊದಲೂ ಅದೇ ಶಾಲೆಯಲ್ಲಿದ್ದರು, ಅದೇ ಬುದ್ಧಿ ಇತ್ತು. ಯಾರೂ ಅವರ ಹೆಸರು ಬರೆದು ಕೊಟ್ಟಿರಲಿಲ್ಲ. ಮುಂದೆ ದುಡ್ಡಿನ ಕೊರತೆಯಾಗಿ ಆ ಪದ್ಧತಿ ಬಿಟ್ಟಾಗ ಹಳೆಯ ಅಂತರ ಮತ್ತೆ ಬಂತು.

ನಮಗೆ ಅರ್ಜಿ ತುಂಬಲು ಬರುತ್ತದೆ, ಅಪೀಲ್ ಅಂದರೇನು ಎಂದು ಕೇಳಲು ಇಷ್ಟು ಜನ ಇದ್ದಾರೆ. ಎರಡು ಕಡೆ ಕೆಲಸ ಮಾಡುವ ತಾಯಿಗೆ ಯಾರಿದ್ದಾರೆ?

ಟೀಚರಮ್ಮ

ರಾಯರೇ, ಹತ್ತಿರದಿಂದ ನೋಡಿ ಹೇಳುತ್ತೇನೆ, ಇದು ನಿಜ. ನನ್ನ ಮೇಜಿಗೆ ಬರುವ ಶಿಫಾರಸು ಅರ್ಜಿಗಳಲ್ಲಿ ಬಹುಪಾಲು ಒಂದೇ ಥರದ ಮನೆಗಳಿಂದ ಬರುತ್ತವೆ. ಈಗ ನಾನೇ ಪ್ರತಿ ಸೆಪ್ಟೆಂಬರ್‌ನಲ್ಲಿ ಕೂತು ಯಾರ ಮನೆಯಿಂದ ಅರ್ಜಿ ಬರುವುದಿಲ್ಲ ಎಂದು ಯೋಚಿಸಿ ಆ ಮಕ್ಕಳ ಹೆಸರು ಬರೆದುಕೊಳ್ಳುತ್ತೇನೆ.

ಅರಸೀಕೆರೆ ಹುಡುಗಿ (ವರ್ಜೀನಿಯಾ)

ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಶಾಲೆಗೆ ಹೋಗಿ ಬಂದೆವು.

ಮೂರು ಭಾಗದ ಅಂಕ ಕೇಳಿದೆ. ಟೀಚರಮ್ಮ ಹೇಳಿದ ಹಾಗೆಯೇ ಆಗಿದೆ. ಲೆಕ್ಕದಲ್ಲಿ 98ನೇ ಪರ್ಸೆಂಟೈಲ್. ಮಾತಿನ ಭಾಗದಲ್ಲಿ 71. ಡೈರಿಯ ಹಾಳೆಗಳ ಪ್ರತಿ ತೆಗೆದುಕೊಂಡು ಹೋಗಿದ್ದೆ. ಅವನ ಟೀಚರ್ ತುಂಬ ಹೊತ್ತು ತಿರುವಿ ತಿರುವಿ ನೋಡಿದರು. "ಇವನು ಕ್ಲಾಸಿನಲ್ಲಿ ಇದರ ಬಗ್ಗೆ ಒಂದು ಮಾತೂ ಆಡಿಲ್ಲ" ಎಂದರು. ಅವರ ಕಣ್ಣಲ್ಲಿ ನಿಜವಾದ ಬೇಸರ ಇತ್ತು. ನನಗೆ ಅಲ್ಲಿಗೆ ಸಿಟ್ಟು ಇಳಿಯಿತು. ಅವರಿಗೆ ತೋರಿಸಬೇಕು ಎಂದು ನನಗೂ ಹೊಳೆದಿರಲಿಲ್ಲ. ಅವನಿಗೆ ಶಾಲೆಯ ಲೆಕ್ಕ ಬೇರೆ, ಮನೆಯ ಲೆಕ್ಕ ಬೇರೆ.

ಅಪೀಲ್ ಹಾಕಿದ್ದೇವೆ, ಡೈರಿಯನ್ನೂ ಸೇರಿಸಿ. ಅದು ಏನಾದರೂ ಆಗಲಿ, ಮುಂದಿನ ವಾರದಿಂದ ಪ್ರತಿ ಪಾಠಕ್ಕೂ ಮುಂಚೆ ಅವನಿಗೆ ಪರೀಕ್ಷೆ ಕೊಟ್ಟು ನೋಡುತ್ತಾರಂತೆ. ಗೊತ್ತಿದ್ದರೆ ಬೇರೆ ಕೆಲಸ. ಮೊದಲ ಕೆಲಸ ಅವನೇ ಆರಿಸಿಕೊಂಡಿದ್ದಾನೆ. ಶಾಲೆಯ ಹಳದಿ ಬಸ್ಸುಗಳು ದಿನಾ ಎಷ್ಟು ಹೊತ್ತಿಗೆ ಬರುತ್ತವೆ ಅಂತ ಬರೆಯುತ್ತಾನೆ.

ಇನ್ನೊಂದು. ನಮ್ಮ ಕೆಳಗಿನ ಮನೆಯಲ್ಲಿ ಎಲ್ ಸಾಲ್ವಡಾರ್‌ನಿಂದ ಬಂದ ಕುಟುಂಬ ಇದೆ. ಅವರ ಮಗಳು ಒಂದನೇ ಕ್ಲಾಸು. ಮೂರು ಭಾಷೆಯ ಪದಗಳನ್ನು ಸೇರಿಸಿ ಕತೆ ಕಟ್ಟುತ್ತಾಳೆ. ಮೂರನೆಯದು ಕನ್ನಡ, ನನ್ನ ಮಗನಿಂದ ಕಲಿತದ್ದು. ಅವಳ ಅಮ್ಮನಿಗೆ ಇಂಥ ಅರ್ಜಿ ಇದೆ ಎನ್ನುವುದೇ ಗೊತ್ತಿರಲಿಲ್ಲ. ಅದು ಸ್ಪ್ಯಾನಿಷ್‌ನಲ್ಲಿ ಸಿಗುತ್ತದಾ ಎಂದು ಆಫೀಸಿನಲ್ಲಿ ಕೇಳಿದೆ, ಸಿಕ್ಕಿತು. ನಿನ್ನೆ ಸಂಜೆ ಇಬ್ಬರೂ ಕೂತು ತುಂಬಿದೆವು.

ಮಗನಿಗೆ ಪತ್ರದ ವಿಷಯ ಹೇಳಿದೆ ಮೇಷ್ಟ್ರೇ. ಪಕ್ಕ ಕೂರಿಸಿಕೊಂಡು ಅಂಕಗಳನ್ನೂ ತೋರಿಸಿದೆ. ಅವನು ಕೇಳಿದ್ದು ಒಂದೇ: "ಅಕ್ಕನ ಕ್ಲಾಸಲ್ಲಿ ರೈಲಿನ ಲೆಕ್ಕ ಮಾಡ್ತಾರಾ?" ಅಕ್ಕ "ಇಲ್ಲ" ಎಂದಳು. "ಹಾಗಾದ್ರೆ ನಾನು ಇಲ್ಲೇ ಇರ್ತೀನಿ" ಎಂದ.

ನಿಮ್ಮ ಏಣಿಯ ಫೋಟೊ, ಒಂದೆರಡು ಗಣಿತದ ಕಾರ್ಡಿನ ಫೋಟೊ ಇಲ್ಲಿ ಹಾಕುತ್ತೀರಾ? ಅವನ ಟೀಚರ್ ನೋಡಬೇಕು ಎಂದರು. ಪದಗಳಿಗೆ ನಾನು ಪಕ್ಕದಲ್ಲಿ ಇಂಗ್ಲಿಷ್ ಬರೆದು ಕೊಡುತ್ತೇನೆ.

ನಲಿ ಕಲಿ ಮೇಷ್ಟ್ರು (ಚಿತ್ರದುರ್ಗ ಜಿಲ್ಲೆ)

ಸೋಮವಾರ ಶಾಲೆಗೆ ಹೋದ ತಕ್ಷಣ ತೆಗೆದು ಹಾಕುತ್ತೇನೆ ಅಮ್ಮಾ. ಮೂರನೇ ಕ್ಲಾಸಿನ ಭಾಗಾಕಾರದ ಕಾರ್ಡುಗಳು ಹೊಸದಾಗಿಯೇ ಇವೆ.